ಬಟವಾಡೆ ಪುಸ್ತಕದಲ್ಲಿ ಮೊದಲು ಯಾರ ಹೆಸರಿಗೆ ಗೆರೆ ಬೀಳುತ್ತೆ?

ದಾವಣಗೆರೆಯ ಚೌಕಿಪೇಟೆಯ ಜವಳಿ ಅಂಗಡಿಯೊಂದರಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೀತಿದ್ದೀನಿ. ಯುಗಾದಿಯಿಂದ ಮೇ ತಿಂಗಳ ಕೊನೇ ಮುಹೂರ್ತದ ತನಕ ಆಗೋ ವ್ಯಾಪಾರವೇ ನಮಗೆ ವರ್ಷದ ಅನ್ನ. ಹರಪನಹಳ್ಳಿ, ಜಗಳೂರು, ಹೊನ್ನಾಳಿ, ಚಿತ್ರದುರ್ಗದ ಕಡೆಯಿಂದ ಮದುವೆ ಮನೆಯವರು ಟೆಂಪೋ ಮಾಡಿಕೊಂಡು ಬರ್ತಾರೆ. 2020ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ಅವತ್ತೇ ಲಾಕ್‌ಡೌನ್ ಶುರು. ಸೂರತ್ತಿನಿಂದ ಉದ್ರಿ ತಂದಿದ್ದ ಮಾಲು ಬೇಲು ಬಿಚ್ಚದೆ ಗೋಡೌನಿನಲ್ಲೇ ಕೂತಿತು.

ಆ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಫುಟ್‌ಬಾಲ್. ಮೇ 16ಕ್ಕೆ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲೀಗಾ ಮತ್ತೆ ಶುರುವಾದಾಗ ಸಂಜೆ ಏಳಕ್ಕೇ ಮನೆಮಂದಿಯೆಲ್ಲ ಟಿವಿ ಮುಂದೆ. ಸ್ಟೇಡಿಯಂ ಖಾಲಿ. ಚೆಂಡಿಗೆ ಬೂಟು ತಾಗೋ ಸದ್ದು, ಕೋಚ್ ಕೂಗೋದು, ಎಲ್ಲಾ ಪಕ್ಕದ ಓಣಿಯಲ್ಲಿ ಆಡ್ತಿದ್ದಾರೇನೋ ಅನ್ನೋ ಹಾಗೆ ಕೇಳ್ತಿತ್ತು. ಮೊಂಚೆನ್‌ಗ್ಲಾಡ್‌ಬಾಕ್ ಕ್ಲಬ್ಬಿನ ಅಭಿಮಾನಿಗಳು 19 ಯೂರೋ ಕೊಟ್ಟು ತಮ್ಮ ಫೋಟೋದ ರಟ್ಟಿನ ಬೊಂಬೆಗಳನ್ನ ಗ್ಯಾಲರಿಯಲ್ಲಿ ಕೂರಿಸಿದ್ದರು. ಅದನ್ನ ನೋಡಿ ನನಗೆ ನಗು ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟ ಆಯ್ತು. ಒಳಗೆ ಹೋಗೋಕೆ ಆಗದಿದ್ದರೂ ಜನ ಕ್ಲಬ್ಬಿಗೆ ದುಡ್ಡು ಕೊಡ್ತಿದ್ದರು.

ಆಗಿನಿಂದ ಆಟಕ್ಕಿಂತ ಜಾಸ್ತಿ ಕ್ಲಬ್ಬುಗಳ ಲೆಕ್ಕ ಓದೋಕೆ ಶುರು ಮಾಡಿದೆ. ಲೆಕ್ಕದವನ ಕಣ್ಣಿಗೆ ಅಲ್ಲಿ ಕಂಡಿದ್ದು ಇಷ್ಟೇ: ಇವರಿಗೆ ಆದಾಯ ಕಡಿಮೆ ಇರಲಿಲ್ಲ, ಕೈಯಲ್ಲಿ ರೊಕ್ಕ ಇರಲಿಲ್ಲ.

ಸ್ಪೇನಿನ ಬಾರ್ಸಿಲೋನಾ ಕ್ಲಬ್ ನೋಡಿ. 2020ರ ಜನವರಿಯಲ್ಲಿ ಲೆಕ್ಕಪತ್ರ ನೋಡೋ ಡೆಲಾಯ್ಟ್ ಸಂಸ್ಥೆ ಕೊಟ್ಟ ಪಟ್ಟಿಯಲ್ಲಿ ಜಗತ್ತಿನಲ್ಲೇ ಹೆಚ್ಚು ಆದಾಯದ ಕ್ಲಬ್ ಅದು, ವರ್ಷಕ್ಕೆ 84 ಕೋಟಿ ಯೂರೋ. ಮಾರ್ಚ್ ಕೊನೆಗೆ ಆಟಗಾರರು ಶೇ 70ರಷ್ಟು ಸಂಬಳ ಬಿಟ್ಟುಕೊಡಬೇಕಾಗಿ ಬಂತು. 2021ರ ಆಗಸ್ಟಿನಲ್ಲಿ ಅಧ್ಯಕ್ಷ ಲಾಪೋರ್ಟಾ ಲೆಕ್ಕ ಬಿಚ್ಚಿಟ್ಟರು: ಸಾಲ 135 ಕೋಟಿ ಯೂರೋ, ಸಂಬಳದ ಬಾಬ್ತು ಆದಾಯದ ಶೇ 103. ಅಂದ್ರೆ ನೂರು ರೂಪಾಯಿ ಬಂದರೆ ನೂರಾ ಮೂರು ಸಂಬಳಕ್ಕೇ. ಕರೆಂಟ್ ಬಿಲ್ಲು, ಬಡ್ಡಿ, ಹುಲ್ಲು ಕತ್ತರಿಸೋದು ಎಲ್ಲ ಅದರ ಮೇಲೆ. ಅದೇ ತಿಂಗಳು ಮೆಸ್ಸಿ ಕಣ್ಣೀರು ಹಾಕುತ್ತಾ ಕ್ಲಬ್ ಬಿಟ್ಟರು. ಕೊರೊನಾ ಅವರನ್ನು ಕಳಿಸಿತು ಅಂತ ಎಷ್ಟೋ ಜನ ಬರೆದರು. ನಾನು ಒಪ್ಪಲ್ಲ. ಶೇ 103ರ ಆ ಲೆಕ್ಕ ಒಂದೇ ಮಳೆಗಾಲದಲ್ಲಿ ಹುಟ್ಟಿದ್ದಲ್ಲ. ವರ್ಷಗಟ್ಟಲೆ ಮುಂದಿನ ಸೀಸನ್ನಿನ ದುಡ್ಡನ್ನ ಈ ಸೀಸನ್ನಿಗೇ ತಿಂದವರ ಲೆಕ್ಕ ಅದು.

ಈ ವ್ಯವಹಾರ ಬಹುಪಾಲು ನಡೆಯೋದೇ ಉದ್ರಿ ಮೇಲೆ. ಆಟಗಾರನನ್ನ ಕೊಂಡರೆ ದುಡ್ಡು ಕಂತಿನಲ್ಲಿ. ಒಬ್ಬ ಕಂತು ತಪ್ಪಿಸಿದರೆ ಇನ್ನೊಬ್ಬನ ಬಟವಾಡೆ ನಿಲ್ಲುತ್ತೆ. ಫ್ರಾನ್ಸಿನಲ್ಲಂತೂ ನಮ್ಮ ರೈತರಿಗೆ ಆಗೋ ಹಾಗೇ ಆಯ್ತು. ಲೀಗಿನ ಪ್ರಸಾರದ ಹಕ್ಕನ್ನ ಮೀಡಿಯಾಪ್ರೋ ಅನ್ನೋ ಕಂಪನಿ ವರ್ಷಕ್ಕೆ 80 ಕೋಟಿ ಯೂರೋಗೂ ಮೇಲೆ ಹಿಡಿದಿತ್ತು. 2020ರ ಅಕ್ಟೋಬರಿನ ಕಂತು ಕಟ್ಟಲಿಲ್ಲ, ಡಿಸೆಂಬರಿಗೆ ಒಪ್ಪಂದವೇ ಮುರಿದುಬಿತ್ತು. ಮರುವರ್ಷ ಹೆಚ್ಚಿನ ಪಂದ್ಯಗಳನ್ನ ಅಮೆಜಾನ್ ಹಿಡಿದಿದ್ದು ವರ್ಷಕ್ಕೆ ಸುಮಾರು 25 ಕೋಟಿಗೆ. ಹೆಚ್ಚು ರೇಟು ಕೂಗಿದವನಿಗೆ ಮೆಕ್ಕೆಜೋಳ ಕೊಟ್ಟು, ರೊಕ್ಕಕ್ಕೆ ಅಲೆದು ಅಲೆದು ಕೊನೆಗೆ ಸಿಕ್ಕ ರೇಟಿಗೆ ಬೇರೆಯವನಿಗೆ ಹಾಕೋ ಪಾಡು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ನನ್ನ ಎದೆಗೆ ಚುಚ್ಚಿದ ಸಂಗತಿಗೆ ಬರ್ತೀನಿ.

2020ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್, ಆಟಗಾರರಲ್ಲದ ಸಿಬ್ಬಂದಿಯನ್ನ ಮನೆಗೆ ಕಳಿಸಿ ಅವರ ಸಂಬಳದ ಶೇ 80ರಷ್ಟನ್ನ ಸರ್ಕಾರದ ಯೋಜನೆಯಿಂದ ಪಡೆಯೋಕೆ ಹೊರಟಿತು. ಎರಡು ತಿಂಗಳ ಹಿಂದಷ್ಟೇ 4.2 ಕೋಟಿ ಪೌಂಡ್ ಲಾಭ ತೋರಿಸಿದ್ದ ಕ್ಲಬ್ ಅದು. ಅಭಿಮಾನಿಗಳು ಛೀಮಾರಿ ಹಾಕಿದ ಮೇಲೆ ಎರಡೇ ದಿನಕ್ಕೆ ಕ್ಷಮೆ ಕೇಳಿ ಹಿಂದೆ ಸರಿಯಿತು. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿ ಆಟಗಾರರು ಶೇ 12.5 ಸಂಬಳ ಬಿಟ್ಟುಕೊಟ್ಟರು. ಆದರೂ ಆಗಸ್ಟಿನಲ್ಲಿ 55 ಕೆಲಸ ತೆಗೀತೀವಿ ಅಂತ ಕ್ಲಬ್ ಹೇಳಿತು. 1993ರಿಂದ ಡೈನೋಸಾರ್ ವೇಷ ಹಾಕಿ ಮಕ್ಕಳನ್ನ ನಗಿಸ್ತಿದ್ದ ಮನುಷ್ಯನ ಕೆಲಸ ಹೋಯ್ತು ಅನ್ನೋ ಸುದ್ದಿ ಬಂದಿದ್ದು ಅಕ್ಟೋಬರ್ 5ಕ್ಕೆ. ಅದೇ ದಿನ ಅದೇ ಕ್ಲಬ್ 4.5 ಕೋಟಿ ಪೌಂಡ್ ಕೊಟ್ಟು ಥಾಮಸ್ ಪಾರ್ಟೆಯನ್ನ ಕೊಂಡಿತು. ಆ ವೇಷಧಾರಿಯ ಸಂಬಳ ನಾನು ಕೊಡ್ತೀನಿ ಅಂತ ಮುಂದೆ ಬಂದವರು ಆಟಗಾರ ಓಜಿಲ್.

ಈ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಜೂನ್ ತಿಂಗಳಲ್ಲಿ ನಮ್ಮ ಸಾಹುಕಾರ್ರು ಗಲ್ಲಾದ ಮುಂದೆ ಕರೆದು, "ಮೂರು ಹೆಸರು ತಗದ್ಬಿಡಪ್ಪ, ಈಗ ನಡಸಕ್ಕಾಗಲ್ಲ" ಅಂದಿದ್ದರು. ಮಾಲು ಇಳಿಸೋ ಹುಡುಗ, ಕಸ ಗುಡಿಸಿ ನೀರು ತುಂಬೋ ಅಜ್ಜಿ, ಗಿರಾಕಿಗಳು ಎಳೆದು ಹಾಕಿದ ಸೀರೆ ಮಡಿಚಿಡೋ ಅಕ್ಕ. ಬಟವಾಡೆ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಮೂವರ ಹೆಸರಿಗೂ ಗೆರೆ ಎಳೆದಿದ್ದು ನನ್ನ ಕೈ. ಮೂವರ ತಿಂಗಳ ಪಗಾರ ಸೇರಿಸಿದರೂ ಗೋಡೌನಿನಲ್ಲಿದ್ದ ಒಂದು ಬೇಲಿನ ಬೆಲೆ ಆಗ್ತಿರಲಿಲ್ಲ. ಆ ಅಕ್ಕ ಒಂದು ಮಾತೂ ಆಡಲಿಲ್ಲ. ಕೈಲಿದ್ದ ಸೀರೆಯ ಮಡಿಕೆ ಮುಗಿಸಿ, ಕಪಾಟಿನಲ್ಲಿಟ್ಟು ಹೋದಳು.

ಸಣ್ಣ ಕ್ಲಬ್ಬುಗಳ ಮೇಲೆ ನನಗೆ ಇಂಥ ಸಿಟ್ಟಿಲ್ಲ. ಇಂಗ್ಲೆಂಡಿನ ಮೂರನೇ, ನಾಲ್ಕನೇ ದರ್ಜೆಯ ಕ್ಲಬ್ಬುಗಳಿಗೆ ಟಿವಿ ದುಡ್ಡು ಕಮ್ಮಿ, ಟಿಕೆಟ್ ಕಲೆಕ್ಷನ್ನೇ ಜೀವ. ಜಾತ್ರೆಯಲ್ಲಿ ಟೆಂಟ್ ಹಾಕೋ ನಮ್ಮ ನಾಟಕ ಕಂಪನಿಗಳ ಹಾಗೆ. ಖಾಲಿ ಮೈದಾನದಲ್ಲಿ ಆಡಿಸಿದರೆ ಪರೀಕ್ಷೆ, ಪ್ರಯಾಣದ ಖರ್ಚು ಮೈಮೇಲೆ ಬರುತ್ತೆ ಅಂತ 2020ರ ಜೂನಿನಲ್ಲಿ ಆ ಎರಡೂ ದರ್ಜೆಗಳ ಸೀಸನ್ನನ್ನೇ ಮುಗಿಸಿಬಿಟ್ಟರು. ಮೊದಲೇ ಸಾಲದಲ್ಲಿದ್ದ, 1874ರಲ್ಲಿ ಹುಟ್ಟಿದ ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬನ್ನ ಸೆಪ್ಟೆಂಬರಿನಲ್ಲಿ ಕೋರ್ಟು ಮುಚ್ಚಿಸಿತು. ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನವರು ಈ ಎರಡು ದರ್ಜೆಗಳಿಗೆ 5 ಕೋಟಿ ಪೌಂಡ್ ನೆರವು ಒಪ್ಪಿದ್ದು ಡಿಸೆಂಬರಿನಲ್ಲಿ. ಜರ್ಮನಿಯಲ್ಲಿ ಬಯರ್ನ್, ಡಾರ್ಟ್‌ಮುಂಡ್, ಲೈಪ್‌ಜಿಗ್, ಲೆವರ್‌ಕುಸೆನ್ ಸೇರಿ 2 ಕೋಟಿ ಯೂರೋ ತೆಗೆದಿಡೋಕೆ ಮಾರ್ಚ್ ತಿಂಗಳಲ್ಲೇ ಮುಂದಾಗಿದ್ದವು.

ಯಜಮಾನನ ಜೇಬನ್ನೇ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಚೀನಾದ ಜಿಯಾಂಗ್‌ಸು ಕ್ಲಬ್ಬಿನ ಕತೆ ಇದೆ. 2020ರ ನವೆಂಬರಿನಲ್ಲಿ ದೇಶದ ಚಾಂಪಿಯನ್, 2021ರ ಫೆಬ್ರವರಿ ಕೊನೆಗೆ ಬಾಗಿಲು ಬಂದ್. ಅದರ ಮಾಲೀಕರಾಗಿದ್ದ ಸುನಿಂಗ್ ಕಂಪನಿಯ ಕೈಲೇ ಆಗ ಇಂಟರ್ ಮಿಲಾನ್ ಕ್ಲಬ್ಬೂ ಇತ್ತು, ಅದು ಇಟಲಿಯ ಲೀಗ್ ಗೆದ್ದ 2021ರ ಬೇಸಿಗೆಯಲ್ಲೇ ಹಕೀಮಿ, ಲುಕಾಕು ಇಬ್ಬರನ್ನೂ ಮಾರಿತು. ನಮ್ಮ ಬೆಂಗಳೂರು ಎಫ್‌ಸಿ ಹಿಂದೆಯೂ ಇರೋದು ಜಿಂದಾಲ್ ಬಳಗ. ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಕೊರೊನಾದಿಂದಾಗಿ ಎರಡು ಸೀಸನ್ ಪೂರ್ತಿ ಗೋವಾದಲ್ಲೇ ನಡೆದು, ಕಂಠೀರವಕ್ಕೆ ಪಂದ್ಯ ಮರಳಿದ್ದು 2022ರ ಅಕ್ಟೋಬರಿನಲ್ಲಿ. ಗಟ್ಟಿ ಕುಳ ಇದ್ದಿದ್ದಕ್ಕೆ ಕ್ಲಬ್ ಉಳೀತು. ಆ ಕುಳಕ್ಕೆ ಬೇಸರ ಬಂದ ದಿನ ಏನು ಗತಿ ಅಂತ ಅಭಿಮಾನಿಗಳಾದ ನಾವು ಈಗಲೇ ಕೇಳಬೇಕು.

ಯುರೋಪಿನ ಕ್ಲಬ್ಬುಗಳಿಗೆ ಎರಡು ಸೀಸನ್ನಿನಲ್ಲಿ 700 ಕೋಟಿ ಯೂರೋ ಆದಾಯ ತಪ್ಪಿತು ಅಂತ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಲೆಕ್ಕ ಹಾಕಿದೆ. ನಾನು ಕೇಳೋದು ಒಂದೇ ನಿಯಮ. ಟಿಕೆಟ್ ಹರಿಯೋರು, ಹುಲ್ಲು ನೋಡಿಕೊಳ್ಳೋರು, ಬಟ್ಟೆ ಒಗೆಯೋರು, ಇವರೆಲ್ಲರ ಆರು ತಿಂಗಳ ಸಂಬಳವನ್ನ ಬ್ಯಾಂಕಿನಲ್ಲಿ ಬೇರೆ ಇಟ್ಟ ಮೇಲಷ್ಟೇ ಕ್ಲಬ್ ಹೊಸ ಆಟಗಾರನನ್ನ ಕೊಳ್ಳಬೇಕು. ದೊಡ್ಡ ಕ್ಲಬ್ಬಿನ ಒಬ್ಬ ತಾರಾ ಆಟಗಾರನ ಬೆಲೆಯಲ್ಲಿ ಇದು ಸಣ್ಣ ತುಣುಕು.

ನಮ್ಮ ಅಂಗಡಿಯಲ್ಲೂ ಪ್ರತಿ ವರ್ಷ ಸೀಸನ್ ಮುಗಿದ ಕೂಡಲೇ ಇದನ್ನ ಎತ್ತುತ್ತೀನಿ. ಮೂರು ತಿಂಗಳ ಬಟವಾಡೆ ಬೇರೆ ಇಡೋಣ ಸಾಹುಕಾರ್ರೆ ಅಂತ. ಈ ಸಲ ಒಂದು ತಿಂಗಳದ್ದು ಇಡೋಕೆ ಒಪ್ಪಿದ್ದಾರೆ. ಸೋಮವಾರ ಬ್ಯಾಂಕಿಗೆ ಹೋಗಿ ಬೇರೆ ಖಾತೆ ತೆರೆದು ಬಂದೆ.