ಫಾರ್ಮ್ ಡಿ ಓದಿ ಕ್ಲಿನಿಕ್ ತೆರೆಯಬಹುದೇ?

"ನೀಟ್ ಬೇಡ, ಫಾರ್ಮ್ ಡಿ ಮಾಡಿ, ಡಾಕ್ಟರ್ ಆಗಿ ಕ್ಲಿನಿಕ್ ತೆರೆಯಿರಿ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಫಾರ್ಮ್ ಡಿ ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಔಷಧಿಗಳ ಬಗ್ಗೆ ಓದುವ ಪದವಿ. ಈ ಸಂದೇಶ ಅರ್ಧ ಮಾತ್ರ ನಿಜ.

ನೀಟ್ ಬೇಡ, ಸರಿ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸೀಟು ಸಿಗುತ್ತದೆ. ಪಿಯುಸಿಯಲ್ಲಿ ಬಯಾಲಜಿ ಬದಲು ಗಣಿತ ಓದಿದವರೂ ಸೇರಬಹುದು. ಭಾರತದಲ್ಲಿ 2008ರಲ್ಲಿ ಶುರುವಾದ ಈ ಕೋರ್ಸ್ 6 ವರ್ಷದ್ದು. ಕೊನೆಯ ವರ್ಷ ಇಂಟರ್ನ್‌ಶಿಪ್.

ಆದರೆ ರೋಗ ಪತ್ತೆ ಮಾಡಿ ಔಷಧಿ ಚೀಟಿ ಬರೆಯುವ ಅಧಿಕಾರ ಈ ಪದವಿಯಿಂದ ಬರುವುದಿಲ್ಲ. ವೈದ್ಯರು ಬರೆದ ಡೋಸ್ ಸರಿಯಿದೆಯಾ, ಒಂದು ಮಾತ್ರೆ ಇನ್ನೊಂದರ ಜೊತೆ ತೊಂದರೆ ಕೊಡುತ್ತದೆಯಾ, ಕಿಡ್ನಿ ಸಮಸ್ಯೆ ಇರುವವರಿಗೆ ಪ್ರಮಾಣ ಇಳಿಸಬೇಕಾ ಎಂದು ನೋಡಿ ಹೇಳುವುದು ಇವರ ಕೆಲಸ. ಸಣ್ಣ ಕೆಲಸವೇನಲ್ಲ ಅಲ್ವಾ?

ಮೆಡಿಕಲ್ ಶಾಪ್ ಇಡುವುದಷ್ಟೇ ಗುರಿಯಾದರೆ ಸುಮ್ನೆ 6 ವರ್ಷ ಯಾಕೆ? 2 ವರ್ಷದ ಡಿ ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಾಡಿ, ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿಯಾಗಿ, ಔಷಧಿ ಮಾರಾಟದ ಲೈಸೆನ್ಸ್ ಪಡೆದವರೂ ಅಂಗಡಿ ಇಡಬಹುದು.