ಪೆಟ್ಟು ಫ್ರೆಂಡ್ಲಿ

ಬೆಂಗಳೂರಿನಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. 'ಮಾವ, ಗೋಕರ್ಣದಲ್ಲಿ ಯಾವ್ದಾದ್ರೂ ಪೆಟ್ ಫ್ರೆಂಡ್ಲಿ ಹೋಟೆಲ್ ನೋಡಿಡು. ಕೋಕೋನೂ ಬರ್ತಾಳೆ' ಎಂದಳು. ಸ್ಪೀಕರ್ ಆನ್ ಇತ್ತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ಅಮ್ಮ ತಲೆ ಎತ್ತಿದಳು. 'ಪೆಟ್ಟು ಫ್ರೆಂಡ್ಲಿ ಅಂದ್ರೆ ಎಂತದಾ ಅದು? ಹೊಡದು ಸ್ನೇಹ ಮಾಡದಾ?'

ಆವತ್ತು ಎಲ್ಲರೂ ನಕ್ಕೆವು. ಎರಡು ದಿನ ಘಟ್ಟ ಇಳಿದು ತಿರುಗಿ ಬಂದ ಮೇಲೆ, ಮನೆಯಲ್ಲಿ ಇಂಗ್ಲಿಷ್ ಸರಿಯಾಗಿ ಗೊತ್ತಿರುವುದು ಅಮ್ಮನೊಬ್ಬಳಿಗೇ ಅಂತ ನನಗೆ ಖಾತ್ರಿಯಾಗಿದೆ.

ಕೋಕೋ ಅಂದರೆ ಲ್ಯಾಬ್ರಡಾರ್ ನಾಯಿ. ಹೆಣ್ಣು, ಚಾಕಲೇಟ್ ಬಣ್ಣ, ಇಪ್ಪತ್ತೆಂಟು ಕೆ.ಜಿ. ನಮ್ಮ ಶಿರಸಿ ಕಡೆ ಕೋಕೋ ಅಂದರೆ ಅಡಿಕೆ ಮರದ ನಡುವೆ ಬೆಳೆಯುವ ಗಿಡ. 'ತೋಟದ ಬೆಳೆ ಹೆಸರೇ ಇಡೂದಾಗಿದ್ರೆ ಅಡಕೆ ಅಂತ ಇಡ್ಲಾಗಿತ್ತು, ರೇಟಾದ್ರೂ ಜಾಸ್ತಿ' ಎಂದು ಅಮ್ಮ ಅದಕ್ಕೂ ಒಂದು ಮಾತು ಸೇರಿಸಿದಳು.

ಇನ್ನು ಹೋಟೆಲಿನ ವಿಷಯ. ನಮ್ಮಲ್ಲಿ ಹೋಟೆಲು ಅಂದರೆ ಬನ್ಸ್, ಅವಲಕ್ಕಿ, ಚಾ ಸಿಗುವ ಜಾಗ. ಮಲಗಬೇಕಾದವರು ಹೋಗುತ್ತಿದ್ದದ್ದು ಲಾಡ್ಜಿಗೆ. ಈಗ ಲಾಡ್ಜ್ ಅಂದರೆ ಮರ್ಯಾದೆ ಕಡಿಮೆ. ಎಲ್ಲವೂ ರೆಸಾರ್ಟ್. ಎರಡು ತೆಂಗಿನ ಮರ, ನಡುವೆ ಒಂದು ಬಲೆಯ ತೊಟ್ಟಿಲು, ಬಾಗಿಲಲ್ಲಿ ಒಂದು ಬುದ್ಧನ ತಲೆ. ರೆಸಾರ್ಟ್ ಆಯಿತು. ಈಚೆಗೆ ನಾಲ್ಕನೆಯ ಐಟಂ ಒಂದು ಸೇರಿಕೊಂಡಿದೆ, ಆನ್‌ಲೈನ್ ಪುಟದಲ್ಲಿ ನಾಯಿ ಪಂಜದ ಗುರುತು. ಪೆಟ್ ಫ್ರೆಂಡ್ಲಿ, ಅಂದರೆ ಸಾಕುಪ್ರಾಣಿಗೂ ಜಾಗ ಇದೆ ಅಂತ ಅರ್ಥ. ಅದಕ್ಕೆ ಖರ್ಚಿಲ್ಲ.

ಪಂಜದ ಗುರುತಿದ್ದ ಎಂಟು ಕಡೆ ಫೋನ್ ಮಾಡಿದೆ. ಮೊದಲನೆಯವರು ಬಹಳ ಸೌಜನ್ಯದವರು. 'ನಮ್ದು ಫುಲ್ ಪೆಟ್ ಫ್ರೆಂಡ್ಲಿ ಸರ್. ಆದ್ರೆ ನಾಯಿ ಬಿಡೂದಿಲ್ಲ.' ಮತ್ತೆ ಯಾವ ಪ್ರಾಣಿ ಬಿಡ್ತೀರಿ ಅಂತ ಕೇಳಿದೆ. 'ಈವರೆಗೆ ಬೇರೆ ಯಾವ್ದೂ ಬರ್ಲಿಲ್ಲ ಸರ್, ಬಂದ್ರೆ ನೋಡುವಾ' ಎಂದರು. ಇನ್ನೊಬ್ಬರು ತೂಕ ಕೇಳಿದರು. ಹೇಳಿದೆ. 'ಹತ್ತು ಕೆ.ಜಿ. ಒಳಗಿಂದಾದ್ರೆ ಸರಿ' ಎಂದರು. ಇಸವಾಣ ಮೀನಿಗೆ ರೇಟು ಹೇಳುವ ದನಿಯೇ ಅದು. ಮೂರನೆಯವರು ನಾಯಿ ಕಾರಿನಲ್ಲೇ ಮಲಗಬೇಕು, ಪಾರ್ಕಿಂಗ್ ಫ್ರೀ ಎಂದರು. ನಾಲ್ಕನೆಯವರು ಬೊಗಳುತ್ತದಾ ಎಂದು ಕೇಳಿದರು. ನಾಯಿ ಸ್ವಾಮಿ, ಮತ್ತೇನು ಭಾವಗೀತೆ ಹಾಡ್ತದಾ?

ಒಪ್ಪಿದ್ದು ಒಬ್ಬರೇ, ಅದೂ ಷರತ್ತಿನ ಮೇಲೆ. ಲಸಿಕೆ ಸರ್ಟಿಫಿಕೇಟ್ ಬೇಕು. ಕ್ಲೀನಿಂಗ್ ಚಾರ್ಜ್ ಸಾವಿರ ರೂಪಾಯಿ. ಡೆಪಾಸಿಟ್ ಎರಡು ಸಾವಿರ. ಹಾಸಿಗೆ ಹತ್ತಬಾರದು, ಲಾನ್ ಮೇಲೆ ನಡೆಯಬಾರದು, ಊಟದ ಜಾಗಕ್ಕೆ ಬರಬಾರದು. ಪಕ್ಕದ ಎರಡು ರೂಮುಗಳಿಗೆ ಆವತ್ತು ಹನ್ನೊಂದು ಹುಡುಗರು ಸೊಂಟದೆತ್ತರದ ಸ್ಪೀಕರ್ ಹೊತ್ತುಕೊಂಡು ಬಂದರು ಅಂತ ಆಮೇಲೆ ಗೊತ್ತಾಯಿತು. ಅವರ ಲಸಿಕೆ ಬಗ್ಗೆ ಯಾರೂ ವಿಚಾರಿಸಲಿಲ್ಲ. ಅವರಲ್ಲಿ ಒಬ್ಬ ರಾತ್ರಿ ಲಾನ್ ಮೇಲೆ ಮಾಡಿದ್ದನ್ನು ಕೋಕೋ ಜನ್ಮದಲ್ಲಿ ಮಾಡುವವಳಲ್ಲ.

ಶಿರಸಿ ಹತ್ತಿರವೇ ಕಾಡೊಳಗಿನ ಹೋಮ್‌ಸ್ಟೇ ಒಂದಕ್ಕೂ ಕೇಳಿದ್ದೆ. 'ಧಾರಾಳ ಬನ್ನಿ, ಬೆಲ್ಟೂ ಬೇಡ, ನಾಯಿ ಆರಾಮಾಗಿ ಓಡಾಡ್ಲಿ' ಎಂದರು. ನಿಮ್ಮ ಮನೆಯಲ್ಲಿ ನಾಯಿ ಇದೆಯಾ ಅಂತ ಕೇಳಿದೆ. 'ಇತ್ತು. ಮಳೆಗಾಲದಲ್ಲಿ ಒಂದು, ದೀಪಾವಳಿ ಹೊತ್ತಿಗೆ ಒಂದು ಚಿರತೆ ಹೊತ್ಕೊಂಡು ಹೋತು' ಎಂದರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಜವಾದ ಪೆಟ್ ಫ್ರೆಂಡ್ಲಿ ಯಾರಾದರೂ ಇದ್ದರೆ ಅದು ಚಿರತೆ. ತೂಕ ಕೇಳುವುದಿಲ್ಲ, ಡೆಪಾಸಿಟ್ ಕೇಳುವುದಿಲ್ಲ. ಚಿರತೆಯಿಂದ ಉಳಿದರೆ ಮೈಗೆ ಕಚ್ಚಿಕೊಳ್ಳುವ ಉಣುಗು, ಮಳೆ ಬಿದ್ದರೆ ರಕ್ತ ಹೀರುವ ಉಂಬಳ. ಎಲ್ಲರೂ ನಾಯಿಯನ್ನು ಪ್ರೀತಿಸುವವರೇ.

ಹುಡುಗಿಗೆ ದಾಂಡೇಲಿಯೂ ಬೇಕಿತ್ತು. ಅದಕ್ಕೆ ನಾನೇ ಬೇಡ ಎಂದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಾಯಿ ಬಿಡುವುದಿಲ್ಲ, ಬಿಡಲೂಬಾರದು. ನಮ್ಮ ಮುದ್ದಿನ ನಾಯಿ ಸೀನಿದರೂ ಅಲ್ಲಿ ಯಾರಿಗೋ ಕಷ್ಟ. 2018ರಲ್ಲಿ ಗಿರ್‌ನಲ್ಲಿ ಸಾಲಾಗಿ ಸಿಂಹಗಳು ಸತ್ತಾಗ, ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ಸಿನ ಕೈವಾಡವೂ ಕಂಡಿತ್ತು. ನಿಯಮ ಅಂದರೆ ಹೀಗಿರಬೇಕು. ಕಾರಣ ಕೇಳಿದರೆ ಕಾರಣ ಇರಬೇಕು. ಉಳಿದ ಕಡೆ ಕಾರಣ ಕೇಳಿದರೆ 'ಓನರ್ ಹೇಳಿದಾರೆ' ಅನ್ನುತ್ತಾರೆ. ಆ ಓನರ್ ದುಬೈಯಲ್ಲಿರುತ್ತಾನೆ.

ಕಾರು ಇದ್ದದ್ದರಿಂದ ನಾವು ಬಚಾವ್. ರೈಲಿಗೆ ಹೋದರೆ ಕೋಕೋ ಒಂದೋ ಮಹಾರಾಣಿ, ಇಲ್ಲವೋ ಕೈದಿ. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಇಡೀ ಹಿಡಿದರೆ ನಾಯಿ ಜೊತೆಗೆ ಬರಬಹುದು. ಆಗದವರ ನಾಯಿಗೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ನಡುವೆ ಮಧ್ಯಮ ವರ್ಗ ಅಂತ ಒಂದಿದೆ ಎನ್ನುವುದು ರೈಲ್ವೆಯ ನಾಯಿ ವಿಭಾಗಕ್ಕೆ ಇನ್ನೂ ಗೊತ್ತಾಗಿಲ್ಲ. ಬಸ್ಸಿನ ಕಥೆ ನಿಮಗೆ ಗೊತ್ತೇ ಇದೆ. 2024ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಫ್ರೀ. ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್. ರೆಕ್ಕೆ ಇದ್ದವರು ದುಡ್ಡು ಕೊಟ್ಟು ಬಸ್ಸಿನಲ್ಲಿ ಹೋದ ಊರು ನಮ್ಮದು. ಕೋಕೋ ಹೆಣ್ಣು, ಅವಳಿಗೆ ಫ್ರೀ ಆಗಬೇಕಲ್ವಾ ಎಂದು ಹುಡುಗಿ ಕೇಳಿದಳು. ಆಧಾರ್ ಕಾರ್ಡ್ ಎಲ್ಲಿ ಕೂಸೇ ಎಂದೆ.

ದೇವಿಮನೆ ಘಟ್ಟ ಇಳಿದು ಗೋಕರ್ಣ ಮುಟ್ಟಿದಾಗ ಸಂಜೆಯಾಗಿತ್ತು. ರಿಸೆಪ್ಷನ್ನಿನ ಹುಡುಗ ಕೋಕೋಳನ್ನು ಮೂಗಿನಿಂದ ಬಾಲದವರೆಗೆ ನೋಡಿದ. 'ಫೋನಲ್ಲಿ ಇಷ್ಟು ದೊಡ್ದು ಅಂತ ಹೇಳ್ಲಿಲ್ಲ ನೀವು. ಆಗೂದಿಲ್ಲ.' ಎದುರಿನ ಗೋಡೆಯ ಮೇಲೆ ದತ್ತಾತ್ರೇಯನ ದೊಡ್ಡ ಫೋಟೋ. ಸಣ್ಣ ಕೆಂಪು ಬಲ್ಬು, ದಾಸವಾಳ. ದತ್ತನ ಕಾಲ ಬಳಿ ನಾಲ್ಕು ನಾಯಿ, ಹಿಂದೆ ಒಂದು ಆಕಳು. ಇವನು ಆ ನಾಲ್ಕು ನಾಯಿಗಳ ಮುಖದ ಮುಂದೆ ಊದುಬತ್ತಿ ಸುತ್ತುತ್ತಲೇ ನಮ್ಮ ಒಂದು ನಾಯಿಗೆ ಜಾಗ ಇಲ್ಲ ಎನ್ನುತ್ತಿದ್ದ. ಫೋಟೋದ ಕೆಳಗೆ, ತಣ್ಣನೆಯ ಟೈಲ್ಸ್ ಮೇಲೆ, ಮೂರು ಬೀದಿನಾಯಿಗಳು ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದವು. ಇವು ಯಾರದ್ದು ಎಂದೆ. 'ಯಾರದ್ದೂ ಅಲ್ಲ, ಇಲ್ಲೇ ಇರ್ತವೆ' ಎಂದ.

ನನಗೆ ಧರ್ಮರಾಯನ ನೆನಪಾಯಿತು. ನಮ್ಮ ಕಡೆಯವರಿಗೆ ಆಗಲೇಬೇಕು, ಯಕ್ಷಗಾನ ನೋಡಿ ಕೆಟ್ಟವರು. ಸ್ವರ್ಗದ ಬಾಗಿಲಲ್ಲಿ ಇಂದ್ರ ರಥ ನಿಲ್ಲಿಸಿಕೊಂಡು ನಾಯಿಗೆ ಪ್ರವೇಶ ಇಲ್ಲ ಎಂದದ್ದು ಎಲ್ಲರಿಗೂ ಗೊತ್ತು. ಅವನು ಕೊಟ್ಟ ಕಾರಣ ಜಾಸ್ತಿ ಜನಕ್ಕೆ ನೆನಪಿರುವುದಿಲ್ಲ. ನಾಯಿ ಇಟ್ಟುಕೊಂಡವರ ಪುಣ್ಯವನ್ನೆಲ್ಲ ಕ್ರೋಧವಶರು ಎಂಬ ರಾಕ್ಷಸರು ಹೊತ್ತುಕೊಂಡು ಹೋಗುತ್ತಾರಂತೆ. ಅಂದರೆ ಕ್ಲೀನಿಂಗ್ ಚಾರ್ಜು. ಧರ್ಮರಾಯನ ಅಷ್ಟು ವರ್ಷದ ಪುಣ್ಯದಲ್ಲಿ ಕಟ್ ಮಾಡಿಕೊಳ್ಳುವ ವ್ಯವಸ್ಥೆ. ಅವನಾದರೂ ಮಾತಿನಲ್ಲಿ ಗೆದ್ದ, ಜೊತೆಗೆ ಬಂದದ್ದು ಸಾಕ್ಷಾತ್ ಯಮಧರ್ಮ ಎಂದಾಯಿತು. ಕೋಕೋ ಯಾವ ದೇವರ ರೂಪವನ್ನೂ ತಾಳಲಿಲ್ಲ. ಹುಡುಗನ ಚಪ್ಪಲಿ ಮೂಸಿದಳು.

ಉಪಾಯ ಹೇಳಿಕೊಟ್ಟದ್ದು ಎದುರಿನ ಚಾ ಅಂಗಡಿಯವ. ನಮ್ಮ ಮುಖ ನೋಡಿಯೇ ಅವನಿಗೆ ವಿಷಯ ತಿಳಿಯಿತು. 'ಬೆಲ್ಟ್ ಬಿಚ್ಚಿ ಬಿಡಿ ಮಾರಾಯ್ರೆ. ಬೆಲ್ಟ್ ಇದ್ರೆ ಕೇಳ್ತಾರೆ. ಇಲ್ದಿದ್ರೆ ಯಾರ್ ಕೇಳ್ತಾರೆ?'

ಬಿಚ್ಚಿದೆವು. ಕತ್ತಲಾದ ಮೇಲೆ ಕೋಕೋ ಒಬ್ಬಳೇ ಗೇಟು ದಾಟಿದಳು, ಲಾನ್ ಮೇಲೆ ನಡೆದಳು, ಊಟದ ಜಾಗಕ್ಕೆ ಹೋಗಿ ಯಾರದೋ ಮೀನಿನ ತಲೆ ತಿಂದಳು, ದತ್ತನ ಫೋಟೋದ ಕೆಳಗೆ ಬಂದು ಮಲಗಿದಳು. ಯಾರೂ ತೂಕ ಕೇಳಲಿಲ್ಲ.

ಆಮೇಲೆ ಎಲ್ಲೆಲ್ಲೂ ನನಗೆ ಇದೇ ಕಾಣತೊಡಗಿತು. ಮಾರನೆಯ ದಿನ ಹೋದ ಪಾರ್ಕ್ ಒಂದರ ಗೇಟಿಗೆ ತಗಡಿನ ಬೋರ್ಡ್ ಇತ್ತು. 'ಸಾಕು ನಾಯಿಗಳಿಗೆ ಪ್ರವೇಶವಿಲ್ಲ.' ನಾನು ಮೊದಲು 'ಸಾಕು' ಅಂತ ಒಂದು ಕಡೆ ಉಸಿರು ಬಿಟ್ಟು ಓದಿದೆ. ಹಾಗೆ ಓದಿದರೂ ಸರಿಯೇ. ಒಳಗೆ ಜಾರುಬಂಡಿಯ ಕೆಳಗೆ ಮರಿ ಹಾಕಿದ ತಾಯಿ ನಾಯಿ, ಬೆಂಚಿನ ಮೇಲೊಂದು, ಒಣಗಿದ ಕಾರಂಜಿಯೊಳಗೆ ಎರಡು. ನಿಯಮ ಮುರಿದಿಲ್ಲ ನೋಡಿ. ಬೋರ್ಡಿನಲ್ಲಿ ಇರುವುದು ಸಾಕಿದ ನಾಯಿ. ಇವನ್ನು ಯಾರು ಸಾಕಿದ್ದಾರೆ? ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಶಾಲೆ, ಆಸ್ಪತ್ರೆಗಳಲ್ಲಿ ಬೀದಿನಾಯಿ ಇರಬಾರದು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಪಾರ್ಕಿನ ಹೆಸರು ಅದರಲ್ಲಿ ಇರಲಿಲ್ಲ. ಈ ತಾಯಿ ನಾಯಿ ಆದೇಶವನ್ನು ನಮಗಿಂತ ಚೆನ್ನಾಗಿ ಓದಿಕೊಂಡಂತಿದೆ.

ಹೊನ್ನಾವರದ ಕಾಸರಕೋಡು ಬೀಚಿಗೆ ಕೋಕೋಳನ್ನು ಇಳಿಸುವ ಧೈರ್ಯವನ್ನು ನಾವೇ ಮಾಡಲಿಲ್ಲ. ಅದು 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಬೀಚ್. ಈ ಬಾವುಟ ಕೊಡುವವರು ಡೆನ್ಮಾರ್ಕಿನಲ್ಲಿ ಕೂತಿದ್ದಾರೆ. 33 ಷರತ್ತು. ನೀರು ಚೊಕ್ಕ ಇರಬೇಕು, ಶೌಚಾಲಯ ಇರಬೇಕು, ನಾಯಿ ಮತ್ತಿತರ ಸಾಕುಪ್ರಾಣಿಗಳು ಬರುವುದನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕು. ತಕರಾರಿಲ್ಲ. ನಾಯಿಗೆ ಹೆದರುವ ಮಕ್ಕಳಿರುತ್ತಾರೆ, ಬರಿಗಾಲಲ್ಲಿ ನಡೆಯುವವರಿರುತ್ತಾರೆ. ತಮ್ಮ ನಾಯಿಯ ಹೇಲನ್ನು ತಾವೇ ಎತ್ತದ ಮಹಾನುಭಾವರನ್ನು ನಾನೂ ನೋಡಿದ್ದೇನೆ. ಹಾಗಾದರೆ ನಾಯಿ ಬರಬಹುದಾದ ಒಂದು ಬೀಚನ್ನೂ ತೋರಿಸಬೇಕಲ್ವಾ? ಜಿಲ್ಲೆಗೆ ಇಷ್ಟುದ್ದ ಕರಾವಳಿ ಇದೆ. ಒಂದು ಫರ್ಲಾಂಗ್ ಬಿಟ್ಟುಕೊಡಿ. ಒಂದು ಕಸದ ಡಬ್ಬಿ, ಒಂದು ನಲ್ಲಿ ಇಡಿ. ಅಷ್ಟು ಸಾಕು.

ತೋರಿಸಲಿಲ್ಲವಾದ್ದರಿಂದ ನಾವೇ ಹುಡುಕಿಕೊಂಡೆವು. ಬೆಳಿಗ್ಗೆ ಆರೂವರೆ, ಜನ ಇಲ್ಲದ ಜಾಗ. ಕೋಕೋ ಅಲೆಯ ಹಿಂದೆ ಓಡಿದಳು, ಅಲೆ ಅವಳ ಹಿಂದೆ ಓಡಿ ಬಂತು. ಏಡಿಯ ಬಿಲಕ್ಕೆ ಮೂಗು ತೂರಿಸಿ ಸೀನಿದಳು. ಹತ್ತು ನಿಮಿಷ ಅಷ್ಟೆ. ಆಮೇಲೆ ಕುಂಟುತ್ತ ಬಂದಳು. ಮುಂದಿನ ಎಡಗಾಲಿನ ಮೆತ್ತೆ ಅಡ್ಡಡ್ಡ ಸೀಳಿತ್ತು. ಮರಳಿನಲ್ಲಿ ಅರ್ಧ ಹೂತ ಬಿಯರ್ ಬಾಟಲಿಯ ತಳ. ನೋಡಿದರೆ ಒಂದಲ್ಲ. ಸುತ್ತ ಒಂದು ಹತ್ತು ಹೆಜ್ಜೆಯೊಳಗೆ ನಾಲ್ಕು ಬಾಟಲಿ, ಚಿಪ್ಸ್ ಪೊಟ್ಟಣ, ಮಗುವಿನ ಡೈಪರ್, ಒಂದು ಹುಟ್ಟುಹಬ್ಬದ ಟೋಪಿ. ನಾಯಿಯಿಂದ ಬೀಚ್ ಹೊಲಸಾಗುತ್ತದೆ ಅಂತ ಹೇಳುವವರು ಸ್ವಲ್ಪ ಬಂದು ನೋಡಬೇಕಿತ್ತು. ಬಾಟಲಿ ಮುಚ್ಚಳ ತೆಗೆಯುವುದು ಯಾವ ನಾಯಿಗೆ ಬರುತ್ತದೆ?

ಮೂರು ಊರು ಸುತ್ತಿದೆವು. ಮೊದಲ ಪಶು ಆಸ್ಪತ್ರೆಗೆ ಬೀಗ, ಭಾನುವಾರ. ಎರಡನೆಯ ಕಡೆ ಡಾಕ್ಟರು ಯಾರದೋ ಕೊಟ್ಟಿಗೆಯಲ್ಲಿ ಎಮ್ಮೆ ಹೆರಿಗೆಗೆ ಹೋಗಿದ್ದರು. ಅವರನ್ನು ದೂರಲಾರೆ, ಒಬ್ಬರು ಎಷ್ಟು ಕಡೆ ಇರುತ್ತಾರೆ? ಕಡೆಗೆ ಒಬ್ಬ ಮೆಡಿಕಲ್ ಶಾಪಿನವರು ಹತ್ತಿ, ಔಷಧಿ, ಪಟ್ಟಿ ಕೊಟ್ಟರು. 'ಮನುಷ್ರಿಗೇ ಇಲ್ಲ ಮಾರಾಯ್ರೆ, ನೀವು ನಾಯಿಗೆ ಹುಡುಕ್ತ್ರಿ' ಎಂದರು.

ಅವರು ಹೇಳಿದ್ದು ತಮಾಷೆಗಲ್ಲ. ಈ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2019ರಲ್ಲಿ ಜನ ಫೋನು ಹಿಡಿದು ಟ್ವಿಟರಿನಲ್ಲಿ ಕೂಗಿದರು. 2022ರಲ್ಲಿ ಮತ್ತೆ ಕೂಗಿದರು, ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ ಎಂದರು. ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ಆಂಬ್ಯುಲೆನ್ಸಿಗೆ ಹಾಕಿ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ ಅಂತ ಲೆಕ್ಕ ಹಾಕುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಎಲ್ಲಿ ಹತ್ತಿರ ಅಂತ ಅಲ್ಲ, ಎಲ್ಲಿಗೆ ಹೋಗುವವರೆಗೆ ಜೀವ ಇದ್ದೀತು ಅಂತ. ನನಗೂ ಬರೆದು ಸುಸ್ತಾಗಿದೆ. ಪ್ರವಾಸಿಗರನ್ನು ಕರೆಯುತ್ತೇವೆ, ಕಮಾನು ಕಟ್ಟುತ್ತೇವೆ, ಸೆಲ್ಫಿಗೆ ಊರಿನ ಹೆಸರನ್ನು ಬಣ್ಣದ ಅಕ್ಷರದಲ್ಲಿ ನಿಲ್ಲಿಸುತ್ತೇವೆ. ಕಾಲಿಗೆ ಗಾಜು ಚುಚ್ಚಿದರೆ ಮಾತ್ರ ಮುಂದಿನ ಜಿಲ್ಲೆಗೆ ಹೋಗಿ.

ಇರಲಿ. ನಾಯಿಯ ವಿಷಯ ಹೇಳುತ್ತಿದ್ದೆ.

ಪಟ್ಟಿ ಕಟ್ಟಿಸಿಕೊಂಡ ಕೋಕೋ ಲಾಡ್ಜಿನ ಒಳಗೆ ಕುಂಟುತ್ತ ಹೋಗಿ ತನ್ನ ಜಾಗದಲ್ಲಿ ಮಲಗಿದಳು. ರಿಸೆಪ್ಷನ್ನಿನ ಹುಡುಗ ಬಗ್ಗಿ ನೋಡಿದ. 'ಛೆ ಪಾಪ. ಬೀದಿನಾಯಿಗೂ ಯಾರೋ ಪುಣ್ಯಾತ್ಮರು ಪಟ್ಟಿ ಕಟ್ಟಿದಾರೆ' ಎಂದು ಒಳಗಿನಿಂದ ಎರಡು ಬಿಸ್ಕೆಟ್ ತಂದು ಹಾಕಿದ. ನಿನ್ನೆ ಇದೇ ಮೂತಿಯನ್ನು ನೋಡಿ ಆಗೂದಿಲ್ಲ ಎಂದವನು ಇವನೇ. ಅವನಿಗೆ ಗುರುತೇ ಸಿಗಲಿಲ್ಲ. ಅವನು ನೋಡಿದ್ದು ಬೆಲ್ಟನ್ನು.

ರೂಮ್ ಖಾಲಿ ಮಾಡಿ, ಬಿಲ್ ಕೊಟ್ಟು, ಕಾರಿನ ಹಿಂದಿನ ಬಾಗಿಲು ತೆಗೆದೆವು. ಕೋಕೋ ಮೂರು ಕಾಲಲ್ಲೇ ಓಡಿ ಬಂದು ಒಳಗೆ ಹಾರಿದಳು. ಹುಡುಗ ಗೇಟಿನ ತನಕ ಬಂದ. ಈಗ ಸಿಕ್ಕಿಬಿದ್ದೆವು ಅಂದುಕೊಂಡೆ. ಅವನ ಮುಖದಲ್ಲಿ ಏನೋ ಒಂದು ಖುಷಿ.

'ತಕಂಡು ಹೋಗ್ತ್ರಾ ಸರ್? ಒಳ್ಳೇದಾಯ್ತು. ಪುಣ್ಯ ಬರ್ತದೆ ನಿಮ್ಗೆ' ಎಂದ. ಆಮೇಲೆ ಸ್ವಲ್ಪ ದನಿ ತಗ್ಗಿಸಿದ.

'ಒಳಗೆ ಇನ್ನೂ ಮೂರು ಇದಾವೆ.'