ಡಿಕಾಕ್ಷನ್ ಇಳಿಯುವ ತನಕ

ಈ ಓಟದ ನಡುವೆ ತಲೆ ಕೆಡದ ಹಾಗೆ ಇರೋಕೆ ಏನು ಮಾಡುತ್ತೀರಿ ಅಂತ ಯಾರಾದರೂ ಕೇಳಿದರೆ, ಧ್ಯಾನ, ಪ್ರಾಣಾಯಾಮ ಅಂತ ಹೇಳಲು ನನಗೂ ಆಸೆ. ಆದರೆ ನನ್ನದು ಕಾಫಿ ಫಿಲ್ಟರ್. ಕಾಫಿ ಕುಡಿಯುವುದಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ಬೆಳಗ್ಗೆ ಎದ್ದು, ಫೋನ್ ಮುಟ್ಟದೆ, ಡಿಕಾಕ್ಷನ್ ಇಳಿಯುವ ತನಕ ಅಡುಗೆಮನೆಯಲ್ಲಿ ಸುಮ್ನೆ ನಿಲ್ಲುವುದು.

ಕೇಳೋಕೆ ಸುಲಭ. ಮೇಲಿನ ಪಾತ್ರೆಗೆ ಪುಡಿ ಹಾಕಿ, ಹಿಡಿ ಇರುವ ಬಿಲ್ಲೆಯಿಂದ ಹಗುರಾಗಿ ಒತ್ತಿ, ಕುದ್ದ ನೀರು ಸುರಿದು ಮುಚ್ಚಳ ಮುಚ್ಚಿದರೆ ಮುಗಿಯಿತು. ಆಮೇಲೆ ಅದಾಯಿತು, ಅದರ ಪಾಡಾಯಿತು. ಜೋರಾಗಿ ಒತ್ತಿದರೆ ಇಳಿಯುವುದೇ ಇಲ್ಲ. ಒತ್ತದೆ ಬಿಟ್ಟರೆ ನೀರು ಸರ್ರನೆ ಇಳಿದು, ಕೆಳಗೆ ಸಿಗುವುದು ಕಾಫಿ ಬಣ್ಣದ ಬಿಸಿನೀರು. ಒಳ್ಳೆಯ ಡಿಕಾಕ್ಷನ್‌ಗೆ 15-20 ನಿಮಿಷ ಬೇಕೇ ಬೇಕು. ಅಷ್ಟರಲ್ಲಿ ಫೋನ್ ಒತ್ತಿದರೆ ಟೊಮೆಟೊ, ಕೊತ್ತಂಬರಿ, ಚಾರ್ಜರ್ ಎಲ್ಲ ಬಾಗಿಲಿಗೆ ಬಂದಿರುತ್ತವೆ. ಫಿಲ್ಟರ್‌ಗೆ ಇದ್ಯಾವುದೂ ಗೊತ್ತಿಲ್ಲ.

ಎಷ್ಟು ಹೊತ್ತು ಅನ್ನುವುದನ್ನು ಪುಡಿ ಅಂಗಡಿಯಲ್ಲೇ ತೀರ್ಮಾನ ಮಾಡಿ ಬಂದಿರುತ್ತೇವೆ. 'ಚಿಕೋರಿ ಎಷ್ಟು ಹಾಕಲಿ?' ಅಂತ ಕೇಳುತ್ತಾರಲ್ಲ, ಅಲ್ಲಿ. ಚಿಕೋರಿ ಕಾಫಿಯೇ ಅಲ್ಲ, ಬೇರೆ ಯಾವುದೋ ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಬಣ್ಣ ಕೊಡುತ್ತದೆ, ಗಟ್ಟಿ ಮಾಡುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅತ್ತೆಗೆ ಚಿಕೋರಿ ಅಂದರೆ ಮೋಸ. ನಮ್ಮನೆಯವರಿಗೆ 70-30 ಇಲ್ಲದಿದ್ದರೆ ಅದು ಕಾಫಿಯೇ ಅಲ್ಲ. 80-20ಕ್ಕೆ ರಾಜಿಯಾಗಿದೆ. ಇಬ್ಬರಿಗೂ ಸಮಾಧಾನವಿಲ್ಲ, ಹಾಗಾಗಿ ನ್ಯಾಯವಾಗಿದೆ ಅಂದುಕೊಂಡಿದ್ದೇನೆ.

ಒಂದು ಸೋಮವಾರ ಡಿಕಾಕ್ಷನ್ ನಿಂತೇ ಹೋಯಿತು. ಪುಡಿ ತೀರಾ ನುಣ್ಣಗಾಗಿತ್ತೋ, ತೂತು ಕಟ್ಟಿತ್ತೋ, ಒಂದು ಹನಿ ಇಲ್ಲ. ಅವತ್ತೇ ಬೆಳಗ್ಗೆ ಆಫೀಸ್ ಕಾಲ್. ಕಿವಿಯಲ್ಲಿ ಮ್ಯಾನೇಜರ್, ಕೈಯಲ್ಲಿ ಚಮಚ. ಮೇಲಿನಿಂದ ತಟ್ಟಿದೆ, ಪಕ್ಕದಿಂದ ತಟ್ಟಿದೆ. 'ಯಾರದೋ ಮನೆ ರಿಪೇರಿ ನಡೀತಿದೆ, ಮ್ಯೂಟ್ ಮಾಡ್ಕೊಳ್ಳಿ' ಅಂದರು. ಎಲ್ಲರ ಜೊತೆ ನಾನೂ 'ಯಾರಪ್ಪಾ ಅದು' ಅನ್ನುವ ಮುಖ ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ: 'ಯಾಕಮ್ಮಾ ಅದನ್ನ ಹಾಗೆ ಬಡೀತೀಯ? ಇಳಿಯುತ್ತೆ ಬಿಡು.' ಇಡೀ ಟೀಮ್ ಕೇಳಿಸಿಕೊಂಡಿತು.

ಅವತ್ತು ಇಳಿಯಲಿಲ್ಲ ಅನ್ನುವುದು ಬೇರೆ ಮಾತು. ಖಾಲಿ ಮಾಡಿ ತೊಳೆದು, ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಕಾಯಿಸಬೇಕಾಯಿತು. ಸಿಕ್ಕಿಕೊಂಡ ಪುಡಿ ಚಿಟಪಟ ಅಂತ ಸುಟ್ಟು ಉದುರುತ್ತದೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಎಲ್ಲ ತೂತೂ ಕಾಣುತ್ತಿದೆಯಾ ಅಂತ ನೋಡಬೇಕು. ನಿಜ ಹೇಳಬೇಕೆಂದರೆ, ಆ ಸಾಲು ಸಾಲು ಬೆಳಕಿನ ಚುಕ್ಕೆ ನೋಡಿದಾಗ ಆಗುವ ಖುಷಿ ನನಗೆ ಯಾವ ಅಪ್ರೈಸಲ್‌ನಲ್ಲೂ ಸಿಕ್ಕಿಲ್ಲ.

ಇದರ ಮಧ್ಯೆ ನಮ್ಮನೆಯವರು ನನ್ನ ಆರೋಗ್ಯಕ್ಕೆ ಅಂತ ಒಂದು ಸ್ಮಾರ್ಟ್‌ವಾಚ್ ಕೊಡಿಸಿದರು. ಅದಕ್ಕೆ ನನ್ನ ಮೇಲೆ ಭಾರೀ ಕಾಳಜಿ. ಬಸ್ಸಿನಲ್ಲಿ ಒಂಟಿಕಾಲಲ್ಲಿ ನೇತಾಡುತ್ತಿದ್ದರೆ 'ಎದ್ದು ನಿಲ್ಲುವ ಸಮಯ' ಅನ್ನುತ್ತದೆ. ಕಾಯಿ ತುರಿದರೆ ಹೆಜ್ಜೆ ಅಂತ ಎಣಿಸುತ್ತದೆ, ಚಟ್ನಿ ಮಾಡಿದ ದಿನ ನಾನು ಊರು ಸುತ್ತಿ ಬಂದ ಲೆಕ್ಕ. ಒಂದು ಬೆಳಗ್ಗೆ 'ದೀರ್ಘವಾಗಿ ಉಸಿರಾಡಿ' ಅಂದಿತು. ಫಿಲ್ಟರ್ ಮುಂದೆ ನಿಂತವಳು, ಆಯಿತು ಅಂತ ಕಣ್ಣು ಮುಚ್ಚಿದೆ. ಒಳಗೆ ಶಾಂತಿ, ಹೊರಗೆ ಹಾಲು ಉಕ್ಕಿ ಸ್ಟವ್, ಕಟ್ಟೆ, ಮ್ಯಾಟ್ ಎಲ್ಲ ಅಭಿಷೇಕ. ವಾಚ್ ಮಾತ್ರ 'ಅಭಿನಂದನೆಗಳು' ಅಂತ ತೋರಿಸುತ್ತಿತ್ತು.

ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರಂತೆ. ಹಡಗು ಹತ್ತಿ ಬಂದು, ಬೀಜ ಊರಿ, ಗಿಡ ಹಣ್ಣು ಬಿಡೋಕೆ ಮತ್ತೆ ಮೂರು-ನಾಲ್ಕು ವರ್ಷ. ಆ ಮನುಷ್ಯ ಯಾವುದಕ್ಕೂ ಚಮಚದಿಂದ ತಟ್ಟಿರಲಿಕ್ಕಿಲ್ಲ.

ಈಗ ನಮ್ಮನೆಯವರು ಕಾಫಿ ಮೆಷಿನ್ ತರೋಣ, ಐದೇ ನಿಮಿಷದಲ್ಲಿ ಆಗಿಬಿಡುತ್ತದೆ ಅಂತ ಹಠ ಹಿಡಿದಿದ್ದಾರೆ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ತಲೆ ಎತ್ತದೆ ಕೇಳಿದರು: 'ಉಳಿದ ಕಾಲು ಗಂಟೆ ಏನೋ ಮಾಡ್ತೀಯ?'

ಅವರು ಉತ್ತರ ಕೊಡಲಿಲ್ಲ, ಫೋನ್ ನೋಡುತ್ತಿದ್ದರು.